ಸುಡದ ಕಾಲಿಗೊಂದು ಕಾಲ್ಮರಿ

ಪೂಜ್ಯ ಶಂಕ್ರವ್ವ ತಾಯಿಯವರ ಮಠವೆಂದರೆ ಒಂದು ತಗಡಿನ ಸೂರು, ಮುಂದೆ ಕರಿಕಲ್ಲು ಹಾಸಿದ ಅಂಗಳ, ಅಷ್ಟೇ. ವೈಶಾಖದಲ್ಲಿ ಆ ಕಲ್ಲಿನ ಮೇಲೆ ರೊಟ್ಟಿ ಬೇಯಿಸಬಹುದಿತ್ತು! ಭಕ್ತರು ಚಪ್ಪಲಿ ಕಳಚಿ ಕುಣಿಯುತ್ತ ಒಳಗೋಡುತ್ತಿದ್ದರು. ರಾಚಪ್ಪನೊಬ್ಬ ಮಾತ್ರ ಸಾವಕಾಶವಾಗಿ ನಡೆದು ಬರುತ್ತಿದ್ದ.

ಹೆಂಡತಿ ತೀರಿಕೊಂಡ ಮೇಲೆ ಅವನನ್ನು ಮಾತನಾಡಿಸುವವರೇ ಇರಲಿಲ್ಲ. ಹಳೆಯ ಸಕ್ಕರೆ ಕಾಯಿಲೆ. ಕಾಲು ಜೋಮು ಹಿಡಿದು ಬಿಸಿಯೂ ತಿಳಿಯುತ್ತಿರಲಿಲ್ಲ. ಜನ "ರಾಚಪ್ಪಗ ಸಿದ್ಧಿ ಆಗೇತಿ" ಎಂದು ಕೈ ಮುಗಿದರು. ಅವನೂ ನಂಬಿದ, ಊರೆಲ್ಲ ಬರಿಗಾಲಲ್ಲೇ ತಿರುಗಿದ. ಪಾಪ, ಒಂಟಿ ಜೀವಕ್ಕೆ ಅಷ್ಟಾದರೂ ಬೇಕಿತ್ತಲ್ಲ! ಹಿಂದೊಮ್ಮೆ ಅವನ ಕಾಲಿನ ಕಿರುಬೆರಳು ಕತ್ತರಿಸಿದ್ದ ಡಾಕ್ಟರು, ಇನ್ನೊಂದು ಗಾಯವಾದರೆ ಪಾದವನ್ನೇ ತೆಗೆಯಬೇಕಾದೀತು ಎಂದಿದ್ದರು. ಆ ಮಾತನ್ನು ಅವನು ನುಂಗಿಕೊಂಡಿದ್ದ.

ಒಂದು ಮಧ್ಯಾಹ್ನ ತಾಯಿಯವರು ಜೋಳ ಹಸನು ಮಾಡುತ್ತಿದ್ದರು. ರಾಚಪ್ಪ ಉದ್ದಕ್ಕೆ ಅಡ್ಡಬಿದ್ದ. ಅವನ ಅಂಗಾಲಲ್ಲಿ ಮುರಿದು ನಿಂತ ಜಾಲಿಮುಳ್ಳು ಅವರ ಕಣ್ಣಿಗೆ ಬಿತ್ತು. ಮೊರ ಬದಿಗಿಟ್ಟು, ಅವನನ್ನು ಕೂರಿಸಿ, ಪಾದವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು.

"ಯವ್ವಾ, ಬ್ಯಾಡ್ರಿ! ನನಗ ಪಾಪ ಸುತ್ತಿಕೊಳ್ತೈತಿ!"

ಅವರು ಮುಳ್ಳು ಕಿತ್ತದ್ದೂ ಅವನಿಗೆ ಗೊತ್ತಾಗಲಿಲ್ಲ. ಅದನ್ನು ಅವನ ಅಂಗೈಯಲ್ಲಿಟ್ಟು ನುಡಿದರು: "ಇದು ಸಿದ್ಧಿ ಅಲ್ಲಪ್ಪ. ಬ್ಯಾನಿ."

ಇದ್ದೊಂದು ಹೆಸರೂ ಮಣ್ಣುಪಾಲಾಯಿತು. "ಹಂಗಾರ ನನ್ನ ಕಡೆ ಇನ್ನ ಯಾರು ನೋಡ್ತಾರ್ರಿ?" ಎಂದು ರಾಚಪ್ಪ ಗಳಗಳನೆ ಅತ್ತ.

ತಾಯಿಯವರು ನೀರು ತಂದರು. ಗಾಯ ತೊಳೆದು, ಕಟ್ಟಿ, ಆಸ್ಪತ್ರೆಗೆ ಕಳಿಸಿದರು. ಮಾಯ್ದ ಮೇಲೆ ಒಂದು ಸಂಜೆ, ಕಾಲು ಊದಿಕೊಳ್ಳುವ ಹೊತ್ತು ನೋಡಿ, ಗೋಣಿತಾಟಿನ ಮೇಲೆ ಅವನ ಪಾದವಿರಿಸಿ ಸುತ್ತಲೂ ಇದ್ದಿಲಿನಿಂದ ಗೆರೆ ಎಳೆದರು. ಆ ಅಳತೆಗೆ ಚರ್ಮದ ಕಾಲ್ಮರಿ ಹೊಲಿಸಿದರು. ಮೆತ್ತನೆಯ ದಪ್ಪ ಅಟ್ಟೆ, ಬೆರಳಿಗೆ ಧಾರಾಳ ಜಾಗ, ಹಿಮ್ಮಡಿಗೆ ಪಟ್ಟಿ. ತಿಕ್ಕುವ ಉಂಗುಟದ ಪಟ್ಟಿಯಿಲ್ಲ, ಮೊಳೆಯಿಲ್ಲ. ಒಳಗೆ ಸವರಿದಾಗ ತಮ್ಮ ಬೆರಳಿಗೆ ಹೊಲಿಗೆ ತಾಗಿತೆಂದು ಬಿಚ್ಚಿಸಿ ಮತ್ತೆ ಹೊಲಿಸಿದರು!

ಹೊಸ್ತಿಲಲ್ಲಿ ಅದನ್ನು ಕಳಚಹೋದ ರಾಚಪ್ಪನನ್ನು ತಡೆದರು. "ಹಾಕ್ಕೊಂಡ ಒಳಗ ಬಾ. ದಿನಾ ಸಂಜೀಕ ನನಗ ಕಾಲು ತೋರ್ಸು."

ಅವರು ದಿನವೂ ಅಂಗಾಲು ಸವರಿ "ಛಲೋ ಐತಿ" ಎನ್ನುತ್ತಿದ್ದರು. ಅವನು ಬೆಳಗಿನಿಂದ ಆ ಒಂದು ಮಾತಿಗೆ ಕಾಯುತ್ತಿದ್ದ.

ತಾಯಿಯವರು ಲಿಂಗೈಕ್ಯರಾದರು. ಮಠದಲ್ಲಿ ಅವನ ಕಾಲು ನೋಡುವವರು ಉಳಿಯಲಿಲ್ಲ. ಆದರೂ ರಾಚಪ್ಪ ಹೊಸ್ತಿಲ ಬಳಿ ಬಂದು ಸುಮ್ಮನೆ ಕೂರುತ್ತಿದ್ದ. ಮರುವರ್ಷದ ಬಿರುಬಿಸಿಲಲ್ಲಿ, ಎಲ್ಲರೂ ಕುಣಿಯುತ್ತ ಓಡುವ ಆ ಅಂಗಳವನ್ನು ಒಬ್ಬಳೇ ಬಂದ ಮುದುಕಿಯೊಬ್ಬಳು ಬರಿಗಾಲಲ್ಲಿ ಸಾವಕಾಶವಾಗಿ ದಾಟಿದಳು.

ರಾಚಪ್ಪ ಧಡಕ್ಕನೆ ಎದ್ದ. ಅವಳನ್ನು ನೆರಳಿಗೆ ಕರೆತಂದು, ಎದುರು ಕುಳಿತು ತೊಡೆ ಒಡ್ಡಿದ.

"ಯವ್ವಾ, ಕಾಲು ಇಲ್ಲಿಡ್ರಿ. ನಾ ನೋಡ್ತೀನಿ."