ಆಟೋ ಸ್ಟ್ಯಾಂಡಿಗೆ ಬಂದ ಡ್ರೋನ್ ಟ್ಯಾಕ್ಸಿ

ಆಕಾಶವನ್ನೇ ದಾರಿ ಮಾಡಿಕೊಂಡ ವಾಯುಪುತ್ರನಿಗೆ ಮೊದಲ ನಮಸ್ಕಾರ.

ಬೆಂಗಳೂರಿನ ಒಂದು ಆಟೋ ಸ್ಟ್ಯಾಂಡಿಗೆ ಡ್ರೋನ್ ಟ್ಯಾಕ್ಸಿ ಕಂಪನಿಯ ಸಾಹೇಬರು ಬಂದರು. “ನಾಳೆಯಿಂದ ಜನರನ್ನು ಹೊತ್ತ ನಮ್ಮ ಡ್ರೋನ್ ಇಲ್ಲೇ ಇಳಿಯುತ್ತೆ. ಜಾಗ ಖಾಲಿ ಮಾಡಿ!” ಎಂದು ಗದರಿದರು.

ಅಲ್ಲಿನ ಆಟೋ ಚಾಲಕರೆಲ್ಲರ ಹೊಟ್ಟೆಪಾಡಿನ ಜಾಗ ಅದು. ಹಿರಿಯ ಚಾಲಕನೊಬ್ಬ ಕೈಮುಗಿದು ಕೇಳಿದ: “ಆಗಲಿ ಸಾರ್. ಅದು ಗಲ್ಲಿಯೊಳಗೆ ಬರುತ್ತಾ?”

“ಬರಲ್ಲ.”

“ಜೋರು ಮಳೆಯಲ್ಲಿ?”

“ಬರಲ್ಲ.”

“ಹತ್ತಿರದ ಬಾಡಿಗೆಗೆ?”

“ಅದಕ್ಕೆಲ್ಲ ಬರಲ್ಲ ಕಣಯ್ಯಾ!”

“ಅಯ್ಯೋ, ನಮ್ಮ ಹಾಗೇ ಎಲ್ಲದಕ್ಕೂ ಬರಲ್ಲ ಅಂದರೆ ಅವನು ನಮ್ಮವನೇ ಬಿಡಿ ಸಾರ್! ನಮ್ಮನ್ನು ಯಾಕೆ ಎಬ್ಬಿಸ್ತೀರಿ? ಬರಲಿ. ಹೊಸಬ ಸಾಲಿನ ಕೊನೆಗೆ ನಿಲ್ಲೋದು ಸ್ಟ್ಯಾಂಡಿನ ಪದ್ಧತಿ.”

ಸಾಹೇಬರು ಹುಬ್ಬು ಗಂಟಿಕ್ಕಿದರು; ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. ಡ್ರೋನ್ ಇಳಿಯುವ ಗುರುತನ್ನು ಕೊನೆಯ ಆಟೋದ ಹಿಂದೆ ಬರೆಸಿದರು.

ಕೇಳಿದ ನಿಮ್ಮೆಲ್ಲರನ್ನೂ, ನೆಲದ ಮೇಲಾಗಲಿ ಬಾನಿನಲ್ಲಾಗಲಿ, ಸ್ವಾಮಿ ಸುಖವಾಗಿ ಮನೆ ಮುಟ್ಟಿಸಲಿ.