ಪಾಲಯ್ಯ ತಂದ ಬೆಳೆ ಪರಿಹಾರ

ನಮ್ಮ ಹಟ್ಟಿಯ ಪಾಲಯ್ಯನಿಗೆ ಏನಾಯಿತು ಅಂತ ಹೇಳ್ತೀನಿ, ಕೂತ್ಕೊಳ್ಳಿ. ಮೂವತ್ತು ದಾಟಿದ ಆಳು, ದುಡಿಮೆಯಲ್ಲಿ ಎತ್ತು. ಆದರೆ ಹೇಳಿದ ಮಾತಿನ ಆಚೆಗೂ ಹೋಗ, ಈಚೆಗೂ ಬಾರ. ಹಾಲು ನೋಡ್ಕೋ ಅಂದರೆ ಹಾಲನ್ನೇ ನೋಡುತ್ತ ಕೂರುವನು, ಅದು ಉಕ್ಕಿ ಒಲೆ ಆರಿಹೋಗುವುದು. ಅವನ ತಾಯಿ ಬೋರಮ್ಮ ಹಣೆ ಚಚ್ಚಿಕೊಳ್ಳುವಳು. ಚಚ್ಚಿಕೊಂಡು ಏನು ಮಾಡಿಯಾಳು, ಅವಳಿಗೆ ಇದ್ದವನು ಅವನೊಬ್ಬನೇ.

ಆ ವರ್ಷ ಶೇಂಗಾ ಕೀಳುವ ಹೊತ್ತಿಗೆ ಒಂಬತ್ತು ದಿನ ಮಳೆ ಹಿಡಿಯಿತು. ಕಾಯಿ ನೆಲದಲ್ಲೇ ಮೊಳೆತು ಕೊಳೆಯಿತು. ಬೆಳೆ ಹೋದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಅಂತ ಸುದ್ದಿ ಬಂತು. ಹೊಲ ಬೋರಮ್ಮನ ಹೆಸರಲ್ಲಿತ್ತು. ಅವಳೋ ಸೊಂಟ ಹಿಡಿದು ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಮನೆಯಲ್ಲಿ ದಿನಕ್ಕೊಂದು ಮುದ್ದೆ, ಅದರಲ್ಲಿ ಇಬ್ಬರಿಗೂ ಪಾಲು.

"ಪಾಲ, ತಾಲೂಕು ಆಫೀಸಿಗೆ ಹೋಗಿ ಸಾಲಲ್ಲಿ ನಿಂತ್ಕೋ. ನಿಂತ ಜಾಗ ಮಾತ್ರ ಬಿಡಬೇಡ."

"ಆಗಲವ್ವ."

ಹೋದ, ನಿಂತ. ಮುಂದಿನವರು ಮುಂದೆ ಸರಿದರು, ಪಾಲಯ್ಯ ಕದಲಲಿಲ್ಲ. ಹಿಂದಿನವರು ಅವನನ್ನು ಬಳಸಿಕೊಂಡು ಹೋದರು, ಪಾಲಯ್ಯ ಕದಲಲಿಲ್ಲ. ಆಫೀಸಿಗೆ ಬೀಗ ಬಿತ್ತು, ಆಗಲೂ ಕದಲಲಿಲ್ಲ. ಜವಾನನೇ ತೋಳು ಹಿಡಿದು ಬಸ್ಸು ಹತ್ತಿಸಿದ.

"ಅಯ್ಯೋ ಮುಠ್ಠಾಳ, ನಿನ್ನ ಮುಂದಿನವನು ಮಾಡಿದ ಹಾಗೆ ಮಾಡಬೇಕಪ್ಪ" ಅಂದಳು ತಾಯಿ.

"ಆಗಲವ್ವ."

ಮಾರನೆಯ ದಿನ ಮುಂದೆ ನಿಂತಿದ್ದವನು ಪಕ್ಕದೂರಿನ ಕಾಟಲಿಂಗಪ್ಪ. ಗುಮಾಸ್ತರು ಕೇಳಿದ್ದಕ್ಕೆ, "ಕಾಟಲಿಂಗಪ್ಪ, ಎರಡೆಕರೆ ಈರುಳ್ಳಿ" ಅಂದ. ಪಾಲಯ್ಯನೂ ಕಿಟಕಿಗೆ ಬಾಗಿ, "ಕಾಟಲಿಂಗಪ್ಪ, ಎರಡೆಕರೆ ಈರುಳ್ಳಿ" ಅಂದ. ಕಳ್ಳ ಅರ್ಜಿ ಹಾಕೋಕೆ ಬಂದಿದ್ದಾನೆ ಅಂತ ಕುತ್ತಿಗೆ ಹಿಡಿದು ಹೊರಗೆ ದಬ್ಬಿದರು. ತುಟಿ ಒಡೆದುಕೊಂಡು ಮನೆಗೆ ಬಂದ.

ಬೋರಮ್ಮ ಗೋಡೆಯ ಕಡೆ ಮುಖ ಮಾಡಿ ಅತ್ತಳು. "ಸುಳ್ಳು ಯಾಕೋ ಹೇಳಿದೆ? ಕಣ್ಣಾರೆ ಕಂಡಿದ್ದನ್ನಷ್ಟೇ ಹೇಳು. ಕಾಣದ್ದನ್ನು ಹೇಳಬೇಡ."

"ಆಗಲವ್ವ."

ಮತ್ತೆ ಹೋದ. ಈ ಸಲ ಕಿಟಕಿಯಲ್ಲಿ ಬೇರೆ ಗುಮಾಸ್ತರಿದ್ದರು.

"ನಾನು ಪಾಲಯ್ಯ. ಹೊಲ ನಮ್ಮವ್ವ ಬೋರಮ್ಮಂದು. ಒಂದೂವರೆ ಎಕರೆ ಶೇಂಗಾ. ಕೊಳೆತದ್ದನ್ನ ಕಂಡಿದ್ದೀನಿ."

"ಬೋರಮ್ಮ ಇದ್ದಾರೇನಪ್ಪ?"

"ಇಲ್ಲಿ ಕಾಣಲ್ಲ ಸ್ವಾಮಿ."

"ಬದುಕಿದ್ದಾರಾ ಅಂತ ಕೇಳಿದ್ದು."

"ಬೆಳಿಗ್ಗೆ ಉಸಿರಾಡ್ತಿದ್ದಳು. ಆಮೇಲೆ ನಾನು ಕಂಡಿಲ್ಲ."

ಗುಮಾಸ್ತರು ಕನ್ನಡಕ ತೆಗೆದು ಅವನ ಒಡೆದ ತುಟಿ ನೋಡಿದರು. ತಾಯಿ ಬೆಳಿಗ್ಗೆಯಷ್ಟೇ ಹೋಗಿದ್ದಾಳೆ, ದುಃಖಕ್ಕೆ ಹೀಗೆ ಮಾತಾಡ್ತಾನೆ ಅಂದುಕೊಂಡರು. ಒಳ್ಳೆಯ ಮನುಷ್ಯ. ಬೋರಮ್ಮನ ಹೆಸರಿನ ಮುಂದೆ 'ಮೃತ' ಅಂತ ಬರೆದು, ವಾರಸುದಾರ ಅಂತ ಇವನ ಹೆಬ್ಬೆಟ್ಟು ಒತ್ತಿಸಿ, ಬೆನ್ನು ಸವರಿ ಕಳಿಸಿದರು.

ಪಾಲಯ್ಯನ ಖಾತೆಗೆ ಒಂಬತ್ತು ಸಾವಿರ ಬಂತು. ಅದೇ ತಿಂಗಳು ಬೋರಮ್ಮನ ಪಿಂಚಣಿ ನಿಂತಿತು, ಪಡಿತರದ ಅಕ್ಕಿ ನಿಂತಿತು. ರೇಷನ್ ಅಂಗಡಿಯವನು ಪಾಲಯ್ಯನಿಗೆ ಹೇಳಿದ, "ನಿಮ್ಮವ್ವ ಸತ್ತಿದ್ದಾಳೆ ಅಂತ ಮಿಷನ್ನಲ್ಲಿ ಬರ್ತಿದೆ."

ಪಾಲಯ್ಯ ಅದನ್ನು ಹಾಗೇ ತಂದು ಅವ್ವನಿಗೆ ಒಪ್ಪಿಸಿದ. ಬೋರಮ್ಮ ಈ ಸಲ ಬೈಯಲಿಲ್ಲ.

"ಹಾಗಾದರೆ ಮುಗೀತು. ಸತ್ತವಳಿಗೆ ಏನು ಮಾಡಬೇಕೋ ಮಾಡು ಹೋಗಪ್ಪ."

"ಆಗಲವ್ವ."

ಪಾಲಯ್ಯ ಒಂಬತ್ತು ಸಾವಿರವನ್ನೂ ಬಿಡಿಸಿ ತಂದ. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ ತಂದ, ಅಡುಗೆಯವರನ್ನು ಕರೆದ. ಮನೆಮನೆಗೂ ಹೋಗಿ ನಮ್ಮವ್ವನ ತಿಥಿ, ಊಟಕ್ಕೆ ಬನ್ನಿ ಅಂದ. ಯಾವಾಗ ಹೋದಳೋ ಅಂತ ಕೇಳಿದವರಿಗೆ, "ನಾನು ಕಂಡಿಲ್ಲ, ರೇಷನ್ ಅಂಗಡಿಯವರು ಹೇಳಿದರು" ಅಂದ.

ಜನ ಬಂದು ಅಂಗಳದಲ್ಲಿ ಸೇರಿದರು. ಪಾಲಯ್ಯ ಎಡೆ ತಂದು ಅವ್ವನ ಮುಂದಿಟ್ಟ. ಅನ್ನ, ಹೋಳಿಗೆ, ವಡೆ, ಪಾಯಸ.

"ಏನೋ ಇದು?"

"ನಿನ್ನ ತಿಥಿ ಕಣವ್ವ."

"ದುಡ್ಡು?"

"ಎಲ್ಲ ಆಯ್ತು."

ಕೈಮುಗಿದು ಹೊರಗೆ ಬಂದು ಬಾಗಿಲು ಎಳೆದ. ಸತ್ತವರು ಉಣ್ಣುವಾಗ ನೋಡಬಾರದು ಅಂತ ಯಾರನ್ನೂ ಹತ್ತಿರ ಬಿಡಲಿಲ್ಲ. ಒಳಗೆ ಸ್ವಲ್ಪ ಹೊತ್ತು ಅಳು ಕೇಳಿತು. ಆಮೇಲೆ ನಿಂತಿತು. ಬಾಗಿಲು ತೆಗೆದಾಗ ಎಲೆಯ ಮೇಲೆ ಒಂದು ಅಗುಳೂ ಇರಲಿಲ್ಲ.

"ಅವ್ವ ಉಂಡಳು" ಅಂದ ಪಾಲಯ್ಯ. "ಇನ್ನು ನೀವು ಕೂತ್ಕೊಳ್ಳಿ."