ಮಾಸದ ಹಾಸು

"ಗುರುಗಳೇ, ಯಾರು ಎಷ್ಟು ಕೂಗಾಡಿದರೂ ನನಗೀಗ ಸಿಟ್ಟು ಬರುವುದಿಲ್ಲ. ಇದು ಶಾಂತಿಯಲ್ಲವೆ?"

ಕೇಳಿದವನು ಮಠದ ಅಡುಗೆಮನೆಯ ಉಸ್ತುವಾರಿ ನೋಡುತ್ತಿದ್ದ ಶಿಷ್ಯ. ಅನ್ನದ ಕೊಪ್ಪರಿಗೆಯ ಹಿಡಿ ಮುರಿದಿದೆ, ಒಲೆಯಿಂದ ಇಳಿಸಲಾಗುತ್ತಿಲ್ಲ ಎಂದು ಅಡುಗೆಯವರು ಒಂದು ತಿಂಗಳಿಂದ ಅವನ ಮುಂದೆ ಗೋಳಾಡುತ್ತಿದ್ದರು. ಅವನು ಪ್ರತಿಸಲವೂ ಮುಗುಳ್ನಕ್ಕು ಕಳಿಸುತ್ತಿದ್ದ. ಆ ನಗು ಗುರುಗಳ ಕಣ್ಣಿಗೂ ಬಿದ್ದಿತ್ತು.

"ಕೂತುಕೋ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಆಸ್ಪತ್ರೆ. ಅಲ್ಲಿ ಒಬ್ಬ ನರ್ಸ್. ಆಪರೇಷನ್ ಕೋಣೆಯಲ್ಲೇ ಇಪ್ಪತ್ತು ವರ್ಷ ದುಡಿದವಳು. ಗಂಟೆಗಟ್ಟಲೆ ಅಲುಗಾಡದೆ ಮಲಗಿದ ಮೈಯಲ್ಲಿ ಅದುಮಿದ ಜಾಗಕ್ಕೆ ರಕ್ತ ಓಡದೆ ಹುಣ್ಣಾಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಎಚ್ಚರವಿದ್ದವನು ನೋವಾದರೆ ಹೊರಳುತ್ತಾನೆ. ಮತ್ತಿನಲ್ಲಿದ್ದವನು ಏನು ಮಾಡಿಯಾನು?

ಅದಕ್ಕೇ ಅವಳು ಕಾಡಿ ಬೇಡಿ ಆಪರೇಷನ್ ಮೇಜಿಗೆ ಒಂದು ಹಾಸು ತರಿಸಿದಳು. ಬಳುಕುವ ಬಟ್ಟೆ, ಅದರ ಎಳೆಗಳೊಳಗೇ ಒತ್ತಡ ಅರಿಯುವ ಸೆನ್ಸರುಗಳು. ಮೈ ಎಲ್ಲಿ ಬಹಳ ಹೊತ್ತು ಅದುಮಿಕೊಂಡಿದೆಯೋ ಅದಕ್ಕೆ ಜೋಡಿಸಿದ ಪರದೆಯ ಮೇಲೆ ಅಲ್ಲಿ ಹಸಿರು ಹೋಗಿ ಕೆಂಪು ಮೂಡುತ್ತದೆ. ಮೂಡಿದರೆ ಒಂದು ದಿಂಬು ಕೊಡಬೇಕು, ಮೈಯನ್ನು ಬೆರಳಷ್ಟು ಸರಿಸಬೇಕು. ಅಷ್ಟೇ ಕೆಲಸ.

ಹಾಸು ಬಂತು. ಅದರ ಹಿಂದೆಯೇ ಮೇಲಧಿಕಾರಿಯೂ ಬಂದ. ಪ್ಲಾಸ್ಟಿಕ್ ಕವರು ತೆಗೆಯಕೂಡದು ಎಂದ. ಕವರಿನ ಮೇಲೆ ದಪ್ಪ ರಬ್ಬರ್ ಶೀಟು ಹಾಕಿಸಿದ, ಅದರ ಮೇಲೆ ನಾಲ್ಕು ಮಡಿಕೆಯ ಕಂಬಳಿ. ತಪಾಸಣೆಯವರು ಬಂದಾಗ ಹಾಸು ಅಂಗಡಿಯಿಂದ ಆಗಷ್ಟೇ ಇಳಿದಂತಿರಬೇಕಂತೆ!

ನರ್ಸಿನ ಮೈಯೆಲ್ಲ ಉರಿಯಿತು. "ಇಷ್ಟು ಹೊದಿಸಿದರೆ ಅದಕ್ಕೇನು ತಿಳಿಯುತ್ತೆ ಸಾರ್? ಇದನ್ನ ತರಿಸಿದ್ದು ರೋಗಿಗೋ, ತಪಾಸಣೆಯವರಿಗೋ?"

ಅಧಿಕಾರಿ ನಕ್ಕ. "ಯಾಕ್ ಸಿಸ್ಟರ್, ಬೆಳಿಗ್ಗೆ ಬೆಳಿಗ್ಗೆ ಬಿ.ಪಿ. ಏರಿಸಿಕೊಳ್ತೀರಿ? ಪರದೆ ನೋಡಿ, ಎಲ್ಲಾ ಹಸಿರು. ಸ್ವಲ್ಪ ಸಮಾಧಾನ ಕಲೀರಿ."

ಆ ವಾರ ಒಬ್ಬ ನೇಕಾರನ ಹೊಟ್ಟೆಯ ಆಪರೇಷನ್. ಏಳು ಗಂಟೆ ಹಿಡಿಯಿತು. ರೋಗಿಯನ್ನು ತುಸು ಸರಿಸೋಣ ಎಂದು ನರ್ಸ್ ಎರಡು ಸಲ ಹೇಳಿದಳು. ಎರಡು ಸಲವೂ ಡಾಕ್ಟರು ಪರದೆ ತೋರಿಸಿ ಬೇಡವೆಂದು ತಲೆಯಾಡಿಸಿದರು. ಹಸಿರಿತ್ತಲ್ಲ! ಹಾಸು ಬರುವ ಮುಂಚೆ ಅವಳು ಕೈಯಿಟ್ಟು ನೋಡುತ್ತಿದ್ದಳು. ಡಾಕ್ಟರು ಅವಳ ಮಾತು ಕೇಳುತ್ತಿದ್ದರು. ಈಗ ಅದೂ ಹೋಯಿತು.

ಆಪರೇಷನ್ ಯಶಸ್ವಿಯಾಯಿತು. ರೋಗಿಯನ್ನು ಮಗ್ಗುಲಿಗೆ ತಿರುಗಿಸಿದಾಗ ಬೆನ್ನಿನ ಬುಡದಲ್ಲಿ, ಕಂಬಳಿಯ ಮಡಿಕೆ ಒತ್ತಿದ್ದ ಕಡೆ, ಬದನೆಕಾಯಿ ಬಣ್ಣದ ಪಟ್ಟಿ. ನಾಲ್ಕು ದಿನಕ್ಕೆ ಅದು ಬಾಯಿ ಬಿಟ್ಟಿತು. ಮಗ್ಗದ ಮುಂದೆ ಕೂತರೆ ಮಾತ್ರ ಅವನಿಗೆ ಅನ್ನ, ಈಗ ಅವನು ಕೂರುವಂತಿರಲಿಲ್ಲ.

ಏನಾಯಿತೆಂದು ನರ್ಸ್ ಅವನಿಗೆ ಮುಚ್ಚಿಡದೆ ಹೇಳಿದಳು. ಅವನು ಬೋರಲು ಮಲಗಿದ್ದಲ್ಲಿಂದಲೇ ಕತ್ತೆತ್ತಿದ. "ನಾನು ನೇಯ್ದ ಸೀರೆಯನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಯಾರ ಬೆನ್ನೂ ಕೊಳೆಯೋದಿಲ್ಲ, ತಾಯಿ. ಇದನ್ನೂ ಪೆಟ್ಟಿಗೆ ಸೀರೆ ಮಾಡಿದರಾ?"

ನರ್ಸ್ ನೇರ ಆಪರೇಷನ್ ಕೋಣೆಗೆ ನಡೆದಳು. ಅಲ್ಲಿ ಅಧಿಕಾರಿ ತಪಾಸಣೆಯವರಿಗೆ ಹಸಿರು ಪರದೆ ತೋರಿಸುತ್ತಿದ್ದ. ಅವಳು ಅವರ ಎದುರಿಗೇ ಕಂಬಳಿ ಕಿತ್ತೆಸೆದಳು, ರಬ್ಬರ್ ಶೀಟು ಎಳೆದುಹಾಕಿದಳು, ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಹರಿದಳು.

ಹಾಸಿನ ಮೇಲೆ ಒಂದು ಕಲೆಯೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪೇರಿತ್ತು. "ಎಂಥ ಕಲ್ಲುಮನುಷ್ಯ ಆ ಅಧಿಕಾರಿ!" ಎಂದ. "ನಾನಾಗಿದ್ದರೆ ಅವನನ್ನು ಎಳೆದುತಂದು ಆ ನೇಕಾರನ ಬೆನ್ನು ತೋರಿಸುತ್ತಿದ್ದೆ."

ಗುರುಗಳು ಅವನನ್ನೇ ದಿಟ್ಟಿಸಿದರು.

"ಅಡುಗೆಯವರ ಅಂಗೈ ಬಿಡಿಸಿ ನೋಡಿದ್ದೀಯಾ?"